ಮಕ್ಕಳ ಸೈಕಾಲಜಿಸ್ಟ್ ಬರೀ ಆಟ ಆಡಿಸ್ತಾರಾ?

ನಾನು ಮಕ್ಕಳ ಕ್ಲಿನಿಕಲ್ ಸೈಕಾಲಜಿಯಲ್ಲಿ ತರಬೇತಿ ಪಡೆಯುತ್ತಿದ್ದೇನೆ. ನೀವು ಎರಡು ವಿಷಯ ಕೇಳಿದ್ದೀರಿ: ನಮ್ಮ ಹಿನ್ನೆಲೆ ಏನು, ಮತ್ತು ಶಾಲೆಗೆ ಹೋಗಲು ಹೆದರುವ ನಿಮ್ಮ ಆರು ವರ್ಷದ ಮಗಳ ಜೊತೆ ಸುಮ್ನೆ ಆಟ ಆಡಿದರೆ ಏನು ಪ್ರಯೋಜನ.

ಹಿನ್ನೆಲೆ ಹೇಳಿಬಿಡುತ್ತೇನೆ. ಮನಶ್ಶಾಸ್ತ್ರ ಓದಿದೆ, ಮಾತು ತಡವಾದ ಮಕ್ಕಳ ಜೊತೆ ಸಹಾಯಕಿಯಾಗಿ ಕೆಲಸ ಮಾಡಿದೆ, ಆಮೇಲೆ ಈ ತರಬೇತಿಗೆ ಬಂದೆ. ನಾನು ಔಷಧಿ ಬರೆಯುವುದಿಲ್ಲ. ನೋಡುವ ಪ್ರತಿ ಮಗುವಿನ ಬಗ್ಗೆಯೂ ಸೂಪರ್‌ವೈಸರ್ ಜೊತೆ ಕೂತು ಚರ್ಚಿಸುತ್ತೇನೆ.

ಇನ್ನು ಆಟ. ಆರು ವರ್ಷದ ಮಗುವಿಗೆ ‘ಯಾಕೆ ಹೆದರಿಕೆ?’ ಅಂದರೆ ಉತ್ತರ ಬರುವುದು ಕಷ್ಟ. ‘ಹೊಟ್ಟೆ ನೋವು’ ಅನ್ನಬಹುದು. ಡಾಕ್ಟರಿಗೆ ತೋರಿಸಿ, ಬೇರೆ ಕಾರಣ ಸಿಗದಿದ್ದರೂ ಅದನ್ನು ನಾಟಕ ಅನ್ನಬೇಡಿ. ಹೆದರಿಕೆಗೆ ಹೊಟ್ಟೆ ನಿಜವಾಗಿಯೂ ನೋಯುತ್ತದೆ. ಅದೇ ಮಗು ಗೊಂಬೆಗಳನ್ನಿಟ್ಟು ಶಾಲೆ ಆಟ ಆಡುವಾಗ ಒಂದು ಗೊಂಬೆಯನ್ನು ಮತ್ತೆ ಮತ್ತೆ ಬಾಗಿಲ ಹೊರಗೆ ನಿಲ್ಲಿಸಬಹುದು. ಅದರಿಂದ ನಾನು ತೀರ್ಮಾನಕ್ಕೆ ಬರುವುದಿಲ್ಲ, ಆದರೆ ಏನು ಕೇಳಬೇಕು ಅನ್ನುವುದು ಗೊತ್ತಾಗುತ್ತದೆ. ಅಪ್ಪ ಅಮ್ಮನ ಹತ್ತಿರ, ಟೀಚರ್ ಹತ್ತಿರವೂ ಕೇಳುತ್ತೇನೆ. ತರಗತಿಯಲ್ಲಿ ಯಾರಾದರೂ ಕಾಡುತ್ತಿದ್ದರೆ ಮೊದಲು ಅದು ನಿಲ್ಲಬೇಕು, ಅಲ್ವಾ?

ನಾನು ಜಾಸ್ತಿ ಹುಡುಕುವುದು ಹೆದರಿಕೆ ಹೇಗೆ ಶುರುವಾಯಿತು ಅನ್ನುವುದನ್ನಲ್ಲ, ಇವತ್ತು ಅದನ್ನು ಉಳಿಸಿಕೊಂಡಿರುವುದು ಏನು ಅನ್ನುವುದನ್ನು. ಮಗು ಅಳುತ್ತದೆ, ನೀವು ಮನೆಯಲ್ಲೇ ಉಳಿಸಿಕೊಳ್ಳುತ್ತೀರಿ, ಅಳು ನಿಲ್ಲುತ್ತದೆ. ಇಬ್ಬರಿಗೂ ಸಮಾಧಾನ. ಆ ಸಮಾಧಾನವೇ ಮರುದಿನದ ಹೆದರಿಕೆಯನ್ನು ಬೆಳೆಸುತ್ತದೆ. ಇದು ನಿಮ್ಮ ತಪ್ಪಲ್ಲ, ಯಾವ ಅಪ್ಪ ಅಮ್ಮನೂ ಹಾಗೇ ಮಾಡುತ್ತಾರೆ.

ಇದಕ್ಕೆ ದಾರಿ ಹಳೆಯದೇ. ಅಮೆರಿಕದ ಮನಶ್ಶಾಸ್ತ್ರಜ್ಞೆ ಮೇರಿ ಕವರ್ ಜೋನ್ಸ್ 1924ರಲ್ಲಿ ಪೀಟರ್ ಎಂಬ ಪುಟ್ಟ ಹುಡುಗನ ಬಗ್ಗೆ ಬರೆದರು. ಅವನಿಗೆ ಮೊಲ ಕಂಡರೆ ಭಯ. ಅವನು ಇಷ್ಟದ ತಿಂಡಿ ತಿನ್ನುವಾಗ ಮೊಲವನ್ನು ದೂರದಲ್ಲಿಟ್ಟು, ದಿನ ಕಳೆದಂತೆ ಹತ್ತಿರ ತಂದರು. ಕೊನೆಗೆ ಅವನೇ ಅದನ್ನು ಮುಟ್ಟಿದ. ಶಾಲೆಗೂ ಹಾಗೆಯೇ: ಮೊದಲು ಗೇಟಿನವರೆಗೆ, ಆಮೇಲೆ ಒಂದು ಪೀರಿಯಡ್. ಮುಂದಿನ ಹೆಜ್ಜೆ ಯಾವುದು ಅಂತ ಮಗುವನ್ನೂ ಕೇಳಿಯೇ ಗೊತ್ತು ಮಾಡುತ್ತೇವೆ.

ನಮ್ಮ ಹತ್ತಿರ ಕರೆತರುವಾಗ ಮಾತ್ರ ‘ಎಲ್ಲೋ ಸುತ್ತಾಡಲು ಹೋಗೋಣ’ ಅಂತ ಸುಳ್ಳು ಹೇಳಬೇಡಿ. ‘ಶಾಲೆಗೆ ಹೋಗೋದು ನಿನಗೆ ಕಷ್ಟ ಆಗ್ತಿದೆ ಪುಟ್ಟಿ, ಸುಲಭ ಮಾಡೋಕೆ ಒಬ್ಬರು ಸಹಾಯ ಮಾಡ್ತಾರೆ’ ಅನ್ನಿ, ಸಾಕು.