ಗಡಿಯಾರ ಬೇಡ, ಮುಗಿದ ಸುದ್ದಿಗೆ ಕಾಯಿರಿ

ಪ್ರಶ್ನೆ: ಅಕ್ಕ, ಇಲ್ಲಿ ಒಂದು ಅಕ್ಕಿ ಮಿಲ್ಲಿನಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ರಿಪೋರ್ಟ್ ಮಾಡುವ ಮೈಕ್ರೋಸಾಫ್ಟ್‌ನ ಪವರ್ ಬಿಐನಲ್ಲಿ ಎರಡು ಡೇಟಾಫ್ಲೋ (ಡೇಟಾ ತಂದು ಸರಿಮಾಡಿ ಇಡುವ ವ್ಯವಸ್ಥೆ) ಇವೆ. ತೂಕದ ಚೀಟಿಗಳದ್ದು ಬೆಳಿಗ್ಗೆ 6ಕ್ಕೆ, ನೆಲ್ಲಿನ ತೇವಾಂಶದ್ದು 6.30ಕ್ಕೆ ರಿಫ್ರೆಶ್ ಆಗುವಂತೆ ಇಟ್ಟಿದ್ದೇನೆ. ಎರಡನ್ನೂ ಓದಿ ರಿಪೋರ್ಟಿಗೆ ಲೆಕ್ಕ ಕೊಡುವ ಡೇಟಾಸೆಟ್ (ಈಗ ಇದರ ಹೆಸರು ಸೆಮ್ಯಾಂಟಿಕ್ ಮಾಡೆಲ್) 7ಕ್ಕೆ. ಸಾಹುಕಾರರು 8ಕ್ಕೆ ಮೊಬೈಲ್ ತೆಗೆದರೆ ವಾರದಲ್ಲಿ ಎರಡು ದಿನ ಮೊನ್ನೆಯ ಲೆಕ್ಕವೇ ಇರುತ್ತದೆ. ಎಲ್ಲೂ ಎರರ್ ಇಲ್ಲ. ನಡುವಿನ ಅಂತರ ಜಾಸ್ತಿ ಮಾಡಲಾ?
— ಒಬ್ಬ ಓದುಗ, ಸಿಂಧನೂರು

ಉತ್ತರ: ಬೇಡ ತಮ್ಮ. ಅಂತರ ಜಾಸ್ತಿ ಮಾಡಿದರೆ ಲೆಕ್ಕ ತಪ್ಪುವ ದಿನಗಳು ಕಡಿಮೆಯಾದಾವು, ತಪ್ಪು ಹೋಗುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರಂತೆ ಎಂದು ಕೇಳಿದ ದಿನವೇ ಕೊನೆ ಭಾಗದ ರೈತರು ನಾಟಿಗೆ ಆಳು ಕರೆಯುತ್ತಾರಾ? ಗದ್ದೆಗೆ ನೀರು ಹಾಯ್ದ ಮೇಲೆ ಅಲ್ವಾ? ನಿಮ್ಮ ಡೇಟಾಸೆಟ್ ಮಾತ್ರ ನೀರು ಬಂತೋ ಇಲ್ಲವೋ ನೋಡದೆ 7ಕ್ಕೆ ನಾಟಿಗೆ ಇಳಿಯುತ್ತಿದೆ.

ನಾನು ಗಂಗಾವತಿಯ ಒಂದು ಮಿಲ್ಲಿನಲ್ಲಿದ್ದಾಗ ಹೀಗೇ ಆಗಿತ್ತು. ನವೆಂಬರ್ ಸುಗ್ಗಿ, ರಾತ್ರಿಯೆಲ್ಲ ಲಾರಿ. ಒಂದು ಮುಂಜಾನೆ ರಿಪೋರ್ಟಿನಲ್ಲಿ 75 ಕೆ.ಜಿ.ಯ 600 ಚೀಲ ಕಾಣಿಸಲೇ ಇಲ್ಲ. ಮಾಲು ಕಡಿಮೆ ಇದೆ ಎಂದುಕೊಂಡ ಸಾಹುಕಾರರು ಹೆಚ್ಚಿನ ದರ ಒಪ್ಪಿ ಇನ್ನೆರಡು ಲೋಡ್ ಖರೀದಿಸಿದರು. ಗೋದಾಮಿನಲ್ಲಿ ಜಾಗವಿಲ್ಲದೆ ಚೀಲಗಳು ಅಂಗಳದಲ್ಲೇ ಉಳಿದವು. ರಿಫ್ರೆಶ್ ಹಿಸ್ಟರಿ ತೆಗೆದು ನೋಡಿದೆ. ಡೇಟಾಫ್ಲೋ 6.11ಕ್ಕೆ ಶುರುವಾಗಿ 7.09ಕ್ಕೆ ಮುಗಿದಿತ್ತು. ಡೇಟಾಸೆಟ್ 7.02ಕ್ಕೇ ಶುರುವಾಗಿತ್ತು. ಡೇಟಾಫ್ಲೋ ಹೊಸದನ್ನು ಮುಗಿಸುವ ತನಕ ಹಳೆಯದನ್ನೇ ಕೊಡುತ್ತದೆ. ಅದಕ್ಕೇ ಎರರ್ ಬರಲಿಲ್ಲ, ಎರಡರ ಮುಂದೆಯೂ ಕಂಪ್ಲೀಟೆಡ್ ಎಂದೇ ಇತ್ತು.

ಇನ್ನೊಂದು ವಿಷಯ. 6 ಗಂಟೆ ಎಂದು ಇಟ್ಟರೆ ಸರಿಯಾಗಿ 6ಕ್ಕೇ ಶುರುವಾಗುತ್ತದೆ ಎಂದೇನಿಲ್ಲ. 15 ನಿಮಿಷದೊಳಗೆ ಶುರು ಮಾಡುವುದು ಮೈಕ್ರೋಸಾಫ್ಟ್‌ನ ಗುರಿ. ಅವರ ಕಡೆ ಒತ್ತಡವಿದ್ದರೆ ಒಂದು ತಾಸಿನ ತನಕ ತಡವಾಗಬಹುದು. ಹಾಗಾಗಿ ನೀವಿಟ್ಟ ಅರ್ಧ ತಾಸನ್ನು ನಂಬುವಂತಿಲ್ಲ.

ಮೊದಲನೆಯದಕ್ಕೆ ಮಾತ್ರ ಟೈಮ್ ಇಡಿ. ಉಳಿದ ಎರಡರ ಶೆಡ್ಯೂಲ್ ತೆಗೆದುಬಿಡಿ. ಕೆಲಸಗಳನ್ನು ತಾನೇ ಒಂದರ ಹಿಂದೆ ಒಂದು ಮಾಡಿಸುವ ಮೈಕ್ರೋಸಾಫ್ಟ್‌ನ ಪವರ್ ಆಟೊಮೇಟ್‌ನಲ್ಲಿ, ಡೇಟಾಫ್ಲೋ ರಿಫ್ರೆಶ್ ಮುಗಿದಾಗ ಎಚ್ಚರವಾಗುವ ಟ್ರಿಗರ್ ಇದೆ. ತೂಕದ್ದು ಮುಗಿದರೆ ತೇವಾಂಶದ್ದನ್ನು ಶುರು ಮಾಡು ಎಂದು ಒಂದು ಫ್ಲೋ, ತೇವಾಂಶದ್ದು ಮುಗಿದರೆ ಡೇಟಾಸೆಟ್ ಶುರು ಮಾಡು ಎಂದು ಇನ್ನೊಂದು. ಇಲ್ಲಿ ತುಂಬಾ ಜನ ಎಡವುತ್ತಾರೆ, ಸ್ವಲ್ಪ ನಿಧಾನವಾಗಿ ಓದಿ. ಮುಗಿಯಿತು ಎಂದರೆ ಸರಿಯಾಗಿ ಮುಗಿಯಿತು ಎಂದಲ್ಲ. ಫೇಲ್ ಆದರೂ ಆ ಟ್ರಿಗರ್ ಓಡುತ್ತದೆ. ಅದಕ್ಕೆ ಕೆಳಗೆ ಒಂದು ಕಂಡಿಷನ್ ಹಾಕಿ, ಸ್ಟೇಟಸ್ ಸಕ್ಸೆಸ್ ಇದ್ದರೆ ಮಾತ್ರ ಮುಂದಕ್ಕೆ ಬಿಡಿ. ಇಲ್ಲದಿದ್ದರೆ ನಿಮಗೆ ಮೇಲ್ ಬರಲಿ. 7ಕ್ಕೆ ನಿಮಗೆ ಗೊತ್ತಾದರೆ 8ರೊಳಗೆ ಸಾಹುಕಾರರಿಗೆ ಫೋನ್ ಮಾಡಿ ಹೇಳಬಹುದು.

ಪ್ರೊ ಲೈಸೆನ್ಸ್ ಆದರೆ ಒಂದು ಡೇಟಾಸೆಟ್‌ಗೆ ದಿನಕ್ಕೆ 8 ರಿಫ್ರೆಶ್. ಫ್ಲೋ ಮಾಡಿಸಿದ್ದೂ ಅದರಲ್ಲೇ ಸೇರುತ್ತದೆ, ಪರೀಕ್ಷೆ ಮಾಡುವಾಗ ಸುಮ್ನೆ ಖರ್ಚು ಮಾಡಬೇಡಿ. ಮಿಲ್ಲಿನ ಡೇಟಾವನ್ನು ಪವರ್ ಬಿಐಗೆ ತಲುಪಿಸುವ ಗೇಟ್‌ವೇ ಪ್ರೋಗ್ರಾಂ ಮಿಲ್ಲಿನ ಕಂಪ್ಯೂಟರಿನಲ್ಲೇ ಇದ್ದರೆ ಅದನ್ನು ರಾತ್ರಿ ಆಫ್ ಮಾಡದಂತೆ ವಾಚ್‌ಮನ್‌ಗೂ ಹೇಳಿಡಿ.

ಕೊನೆಗೆ, ರಿಪೋರ್ಟಿನ ಮೇಲ್ಗಡೆ ಒಂದು ಕಾರ್ಡ್ (ಒಂದೇ ವಿಷಯ ತೋರಿಸುವ ಚೌಕ) ಹಾಕಿ. ಅದರಲ್ಲಿ ರಿಫ್ರೆಶ್ ಆದ ಹೊತ್ತು ಬೇಡ. ಡೇಟಾದಲ್ಲಿರುವ ಕೊನೆಯ ತೂಕದ ಚೀಟಿಯ ತಾರೀಕು ಮತ್ತು ಹೊತ್ತು ಇರಲಿ. ನಿನ್ನೆ ರಾತ್ರಿ 11ಕ್ಕೆ ಲಾರಿ ಇಳಿದಿದ್ದು ಸಾಹುಕಾರರಿಗೆ ಗೊತ್ತಿರುತ್ತದೆ. ಕಾರ್ಡ್ ಮೊನ್ನೆ ಸಂಜೆಯನ್ನು ತೋರಿಸಿದರೆ ಅವರು ಆ ಲೆಕ್ಕ ನಂಬಿ ದರ ಮಾತಾಡುವುದಿಲ್ಲ.