ಸಣ್ಣ ಫ್ಲ್ಯಾಟಿನಲ್ಲಿದ್ದು ಕಟ್ಟಿಗೆ ಕೆಲಸ: ಹುಬ್ಬಳ್ಳಿಯಲ್ಲಿ ನನಗೆ ಜಾಗ ಸಿಕ್ಕಿದ ಬಗೆ

ನೀವು ಇರುವುದು ಕೇಶ್ವಾಪುರದಲ್ಲಿ, ಮೂರನೇ ಮಹಡಿಯ ಸಣ್ಣ ಫ್ಲ್ಯಾಟಿನಲ್ಲಿ. ಕಟ್ಟಿಗೆ ಕೆಲಸ ಕಲಿಯುವ ಆಸೆ ಇದೆ, ಆದರೆ ಕೆಳಗಿನ ಮನೆಯವರು ಆಗಲೇ ಎರಡು ಸಲ ಬಂದು ತಕರಾರು ಮಾಡಿದ್ದಾರೆ. ಬೆಂಗಳೂರಿನ ಹಾಗೆ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ವರ್ಕ್‌ಶಾಪ್ ಹುಬ್ಬಳ್ಳಿ-ಧಾರವಾಡದಲ್ಲಿ ಇದೆಯಾ ಅಂತ ಕೇಳಿದ್ದೀರಿ. ಹಾಗೆ ಬೋರ್ಡು ಹಾಕಿಕೊಂಡ ಜಾಗ ನಾನು ಹುಡುಕಿದಾಗ ಸಿಗಲಿಲ್ಲ. ಆದರೆ ಜಾಗ ಸಿಕ್ಕಿತು. ನಾಲ್ಕು ವರ್ಷದಿಂದ ಅಲ್ಲೇ ಕೆಲಸ ಮಾಡುತ್ತಿದ್ದೇನೆ. ಅದು ಒಬ್ಬ ಬಡಗಿಯ ಅಂಗಡಿ. ನಿಮಗೂ ಅದೇ ದಾರಿ ಸರಿ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ವಿದ್ಯಾನಗರದಲ್ಲಿ ಎರಡನೇ ಮಹಡಿಯ ಮನೆ. ಬಾಲ್ಕನಿ ಒಂಬತ್ತು ಅಡಿ ಉದ್ದ, ನಾಲ್ಕು ಅಡಿ ಅಗಲ. ಇದೆಲ್ಲ ಶುರುವಾದದ್ದು ಒಂದು ತೊಟ್ಟಿಲಿನಿಂದ. ನಮ್ಮ ತವರಿನಲ್ಲಿ ಅಜ್ಜಿಯ ಕಾಲದ ಕಲಘಟಗಿ ತೊಟ್ಟಿಲು ಇದೆ. ಕಾರವಾರ ರಸ್ತೆಯ ಮೇಲಿರುವ ಕಲಘಟಗಿ ಬಣ್ಣದ ತೊಟ್ಟಿಲುಗಳಿಗೆ ಹೆಸರಾದ ಊರು. ತಂಗಿಗೆ ಮಗು ಹುಟ್ಟುವ ಹೊತ್ತಿಗೆ ಆ ತೊಟ್ಟಿಲನ್ನು ಅಟ್ಟದಿಂದ ಇಳಿಸಿದೆವು. ಬದಿಯ ಎರಡು ಕಡ್ಡಿಗಳು ಮುರಿದಿದ್ದವು. ಕಟ್ಟಿಗೆಯನ್ನು ಗರಗರ ತಿರುಗಿಸುವ ಲೇತ್ ಮಷೀನಿನ ಮೇಲೆ ಕಡೆದು ಮಾಡಿದ ದುಂಡನೆ ಕಡ್ಡಿಗಳು. ಬೇರೆ ತೊಟ್ಟಿಲು ತರೋಣ ಅಂದರು ಮನೆಯಲ್ಲಿ. ನನಗೆ ಮನಸ್ಸು ಒಪ್ಪಲಿಲ್ಲ. ನಾವೆಲ್ಲ ಅದರಲ್ಲೇ ಮಲಗಿ ಬೆಳೆದವರು.

ಕಡ್ಡಿ ಮಾಡುವುದು ಹೇಗೆ ಅಂತ ಹುಡುಕುತ್ತಾ ಕೆಲಸದ ರುಚಿ ಹತ್ತಿತು. ಒಂದು ಸರ್ಕ್ಯುಲರ್ ಸಾ, ಅಂದರೆ ದುಂಡು ಬ್ಲೇಡಿನ ಕರೆಂಟಿನ ಗರಗಸ ತಂದು ಬಾಲ್ಕನಿಯಲ್ಲೇ ಶುರು ಮಾಡಿದೆ. ಮೂರು ತೊಂದರೆ ಒಟ್ಟಿಗೇ ಬಂದವು. ಮೊದಲನೆಯದು ಸಪ್ಪಳ. ಶಬ್ದ ಮಾಲಿನ್ಯದ 2000ನೇ ಇಸವಿಯ ನಿಯಮಗಳ ಪ್ರಕಾರ ಮನೆಗಳಿರುವ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿ ಹತ್ತರ ಮೇಲೆ 45. ಸರ್ಕ್ಯುಲರ್ ಸಾ ಹತ್ತಿರ ನಿಂತರೆ 100ರ ಆಸುಪಾಸು ಇರುತ್ತದೆ. ಕೆಳಗಿನ ಮನೆಯಲ್ಲಿ ಎಳೆಗೂಸು ಇತ್ತು. ಅವರು ಬೈಯಲಿಲ್ಲ, ಬಂದು ಸುಮ್ನೆ ನಿಂತರು. ಅವರ ಮುಖ ನೋಡಿ ನಾನೇ ನಿಲ್ಲಿಸಿದೆ. ಎರಡನೆಯದು ಕರೆಂಟು. ಬಾಲ್ಕನಿಯಲ್ಲಿ ಇದ್ದದ್ದು 6 ಆಂಪಿಯರ್ ಸಾಕೆಟ್. 230 ವೋಲ್ಟಿಗೆ ಗುಣಿಸಿದರೆ 1,380 ವ್ಯಾಟ್. ಗರಗಸ ಅದರ ಅಂಚಿನಲ್ಲೇ ಓಡುತ್ತಿತ್ತು. ದಪ್ಪ ಹಲಗೆಗೆ ಸಿಕ್ಕಿಕೊಂಡ ಕೂಡಲೇ ಎಂಸಿಬಿ (ಲೋಡು ಜಾಸ್ತಿಯಾದರೆ ಕರೆಂಟು ಕಡಿಯುವ ಸ್ವಿಚ್ಚು) ಬೀಳುತ್ತಿತ್ತು. ಮೂರನೆಯದು ಪುಡಿ. ಇದನ್ನು ಜನ ಹಗುರವಾಗಿ ತಗೊಳ್ಳುತ್ತಾರೆ. ಕಟ್ಟಿಗೆಯ ಸಣ್ಣ ಪುಡಿ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಪಟ್ಟಿಗೆ ಸೇರಿಸಿದೆ. ಅಡುಗೆ ಮನೆ ಪಕ್ಕದಲ್ಲೇ ಇರುವ ಬಾಲ್ಕನಿಯಲ್ಲಿ ಅದನ್ನು ಎಬ್ಬಿಸಬಾರದು.

ಆಮೇಲೆ ಜಾಗ ಹುಡುಕಲು ಹೊರಟೆ. ವಿಮಾನ ನಿಲ್ದಾಣದ ಪಕ್ಕದ ದೇಶಪಾಂಡೆ ಸ್ಟಾರ್ಟಪ್ಸ್‌ನಲ್ಲಿ ಹೊಸ ವಸ್ತುಗಳ ಮಾದರಿ ಮಾಡಿ ನೋಡುವ ಮೇಕರ್ಸ್ ಲ್ಯಾಬ್ ಇದೆ. ಅದು ಹೊಸ ಉದ್ಯಮ ಕಟ್ಟುವವರಿಗೆ. ನಿಮ್ಮ ತಲೆಯಲ್ಲಿ ಮಾರಾಟಕ್ಕೆ ಇಡುವಂಥ ವಸ್ತು ಇದ್ದರೆ ಹೋಗಿ ಮಾತಾಡಿ. ಕೆಎಲ್‌ಇ ಟೆಕ್‌ನಂಥ ಕಾಲೇಜುಗಳ ವರ್ಕ್‌ಶಾಪ್‌ಗಳು ಇರುವುದು ಅಲ್ಲಿಯ ವಿದ್ಯಾರ್ಥಿಗಳಿಗಾಗಿ. ನನಗೆ ಬೇಕಾದದ್ದು ಎರಡು ಕಡ್ಡಿ, ಆಮೇಲೊಂದು ಮಣೆ, ಆಮೇಲೊಂದು ಪುಸ್ತಕದ ಕಪಾಟು.

ಹಾಗಾಗಿ ಲೇತ್ ಎಲ್ಲಿದೆ ಅಂತ ಕೇಳುತ್ತಾ ಹೋದೆ. ಹಳೇ ಹುಬ್ಬಳ್ಳಿಯ ಒಂದು ಓಣಿಯಲ್ಲಿ ತಗಡಿನ ಶೆಡ್ಡು. ಒಳಗೆ ಟೇಬಲ್ಲಿಗೇ ಗರಗಸದ ಬ್ಲೇಡು ಕೂಡಿಸಿದ ಟೇಬಲ್ ಸಾ, ಹಲಗೆ ಹೆರೆದು ಸಮ ಮಾಡುವ ರಂಧಾ ಮಷೀನು, ಮೂಲೆಯಲ್ಲಿ ಹಳೆಯ ಲೇತು. ಅಂಗಡಿಯ ಹಿರಿಯರನ್ನು ನಾನು ಕಾಕಾ ಅಂತ ಕರೆಯುತ್ತೇನೆ. ಮುರಿದ ಕಡ್ಡಿ ನೋಡಿ ಅವರು ಅಂದರು, “ಬಿಡ್ರಿ ಅಕ್ಕೋರ, ಸಂಜೀಕ ಬರ್ರಿ, ಕಡದು ಇಟ್ಟಿರತೇನಿ.” ನಾನು, “ಮಾಡಿ ಕೊಡಬ್ಯಾಡ್ರಿ ಕಾಕಾ, ಮಾಡೂದು ತೋರಸ್ರಿ” ಅಂದೆ. ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. “ಹಂಗಾದ್ರ ನಾಕು ರವಿವಾರ ಬಂದು ಕುಂದರ್ರಿ. ಬರೇ ನೋಡ್ರಿ. ಆಮ್ಯಾಲ ಕೈ ಹಚ್ಚೀರಂತ.”

ನಾಲ್ಕು ರವಿವಾರ ಸ್ಟೂಲಿನ ಮೇಲೆ ಕೂತು ನೋಡಿದೆ. ಅಷ್ಟರಲ್ಲಿ ಒಂದು ಮಾತು ಅರ್ಥವಾಯಿತು. ನೀವು ಹುಡುಕುವಾಗ ಇದು ತುಂಬಾ ಉಪಯೋಗಕ್ಕೆ ಬರುತ್ತದೆ. ಈಗ ಬಡಗಿಗಳ ಅರ್ಧಕ್ಕಿಂತ ಜಾಸ್ತಿ ಕೆಲಸ ಅಂಗಡಿಯಲ್ಲಿ ನಡೆಯುವುದಿಲ್ಲ. ಕಿಚನ್ ಕಪಾಟು, ವಾರ್ಡ್‌ರೋಬು, ಬಾಗಿಲು ಕೂಡಿಸುವುದು ಇದೆಲ್ಲ ಗಿರಾಕಿಯ ಮನೆಯಲ್ಲೇ. ಕಾಕಾನ ಇಬ್ಬರು ಮಕ್ಕಳೂ ಬೆಳಿಗ್ಗೆ ಹತ್ತಕ್ಕೆ ಸೈಟಿಗೆ ಹೋದರೆ ಬರುವುದು ಸಂಜೆಗೆ. ಆ ಹೊತ್ತೆಲ್ಲ ಮಷೀನು ಖಾಲಿ. ಅಂದರೆ ಹಂಚಿಕೊಳ್ಳುವ ಜಾಗ ನಮ್ಮೂರಲ್ಲಿ ಇದ್ದೇ ಇದೆ. ಅದನ್ನು ಕೇಳುವವರು ಇಲ್ಲ, ಅಷ್ಟೇ. ಹಳೇ ಹುಬ್ಬಳ್ಳಿಯಲ್ಲಿ ನೋಡಿ, ಗೋಕುಲ ರಸ್ತೆಯ ಇಂಡಸ್ಟ್ರಿಯಲ್ ಎಸ್ಟೇಟಿನ ಒಳರಸ್ತೆಗಳಲ್ಲಿ ನೋಡಿ. ಬರೀ ಪ್ಲೈವುಡ್ಡಿನ ಕೆಲಸ ಮಾಡುವ ಅಂಗಡಿಗಿಂತ ಗಟ್ಟಿ ಕಟ್ಟಿಗೆಯ ಬಾಗಿಲು, ದೇವರ ಮನೆ ಮಾಡುವ ಅಂಗಡಿ ಆರಿಸಿಕೊಳ್ಳಿ. ಅಲ್ಲಿ ಕಲಿಯುವುದು ಜಾಸ್ತಿ.

ಕೇಳುವ ರೀತಿ ಮುಖ್ಯ. “ನಿಮ್ಮ ಮಷೀನು ಬಾಡಿಗೆಗೆ ಕೊಡ್ತೀರಾ” ಅಂತ ಶುರು ಮಾಡಿದರೆ ಬಹಳ ಜನ ಬೇಡ ಅನ್ನುತ್ತಾರೆ. ಅವರ ಭಯ ನ್ಯಾಯವಾದದ್ದು. ನಿಮ್ಮ ಬೆರಳು ಹೋದರೆ ಯಾರು ಹೊಣೆ? ಮೊದಲು ಗಿರಾಕಿಯಾಗಿ ಹೋಗಿ. ಒಂದು ಸಣ್ಣ ಕೆಲಸ ಕೊಡಿ, ನಿಂತು ನೋಡಿ. ಎರಡನೇ ಸಲ ಹೋದಾಗ ಕಸ ಗುಡಿಸಿ, ಹಲಗೆಯ ಇನ್ನೊಂದು ತುದಿ ಹಿಡಿಯಿರಿ. ಪರಿಚಯ ಆದಮೇಲೆ ವಾರ, ಹೊತ್ತು, ದುಡ್ಡು ಮೂರನ್ನೂ ಬಿಚ್ಚಿ ಮಾತಾಡಿ. ಮುಲಾಜಿಗೆ ಬಿಡಬೇಡಿ. ನಾನು ತಿಂಗಳಿಗೆ 1,500 ರೂಪಾಯಿ ಕೊಡುತ್ತೇನೆ. ರವಿವಾರ ಬೆಳಿಗ್ಗೆ ಎಂಟರಿಂದ ಒಂದರವರೆಗೆ ನನ್ನ ಹೊತ್ತು. ಅಮಾವಾಸ್ಯೆಯ ದಿನ ಕಾಕಾ ಮಷೀನು ಮುಟ್ಟುವುದಿಲ್ಲ, ಆವತ್ತು ನಾನೂ ಹೋಗುವುದಿಲ್ಲ. ದಸರೆಯ ಖಂಡೆ ಪೂಜೆಗೆ ಮಾತ್ರ ತಪ್ಪದೆ ಹೋಗುತ್ತೇನೆ. ನನ್ನ ಉಳಿಗಳೂ ಅವರ ಉಳಿಗಳ ಪಕ್ಕ ಪೂಜೆಗೆ ಕೂರುತ್ತವೆ.

ದುಡ್ಡಿಗಿಂತ ಹೆಚ್ಚಿಗೆ ಬೆಸೆದದ್ದು ಬೇರೆ ಕೊಡು-ಕೊಳ್ಳುವಿಕೆ. ಕಾಕಾನ ಮೊಮ್ಮಗಳಿಗೆ ನಾನು ಎಸ್ಸೆಸ್ಸೆಲ್ಸಿ ಗಣಿತ ಹೇಳಿಕೊಟ್ಟೆ. 2023ರ ಸೆಪ್ಟೆಂಬರ್ 17ರಂದು ಪಿಎಂ ವಿಶ್ವಕರ್ಮ ಯೋಜನೆ ಶುರುವಾಯಿತಲ್ವಾ, ಅದರ 18 ಕಸುಬುಗಳಲ್ಲಿ ಬಡಗಿ ಕೆಲಸವೂ ಇದೆ. ಐದರಿಂದ ಏಳು ದಿನದ ತರಬೇತಿ, ಸಾಮಾನು ಕೊಳ್ಳಲು 15,000 ರೂಪಾಯಿವರೆಗಿನ ವೋಚರು, ಕಡಿಮೆ ಬಡ್ಡಿಯ ಸಾಲ. ಅರ್ಜಿಗೆ ಬೇಕಾದ ಕಾಗದ ಪತ್ರ ಹೊಂದಿಸಿಕೊಂಡು ಕಾಕಾನ ಜೊತೆ ಸರ್ಕಾರಿ ಅರ್ಜಿ ತುಂಬಿಸುವ ಸಿಎಸ್‌ಸಿ ಕೇಂದ್ರಕ್ಕೆ ಹೋಗಿ ಕೂತೆ. ಆ ಯೋಜನೆ ಕಸುಬಿನಿಂದಲೇ ಹೊಟ್ಟೆ ಹೊರೆಯುವವರಿಗೆ. ನಮ್ಮಂಥ ಹವ್ಯಾಸದವರು ಅದರಲ್ಲಿ ಕೈ ಹಾಕಬಾರದು. ಆದರೆ ಫಾರ್ಮು ತುಂಬಲು ಗೊತ್ತಿದ್ದವರು ಗೊತ್ತಿಲ್ಲದವರ ಪಕ್ಕ ಕೂತರೆ ಎಷ್ಟೋ ಕೆಲಸ ಆಗುತ್ತದೆ.

ಈಗ ಒಂದು ತಪ್ಪಿನ ಬಗ್ಗೆ. ಹಳೆಯ ಮನೆ ಕೆಡವಿದ ಜಾಗದಿಂದ ಸಾಗವಾನಿ ಬಾಗಿಲ ಚೌಕಟ್ಟಿನ ತುಂಡು ಅಗ್ಗಕ್ಕೆ ತಂದಿದ್ದೆ. ನೋಡಲು ಒಳ್ಳೆಯ ಕಟ್ಟಿಗೆ. ರಂಧಾ ಮಷೀನಿಗೆ ಹಾಕಿದ ಕೂಡಲೇ ಕರ್ರ್ ಅಂತ ಸಪ್ಪಳ. ಒಳಗೆ ಮುರಿದ ಮೊಳೆ ಇತ್ತು. ಬ್ಲೇಡಿನ ಬಾಯಿ ಮುಕ್ಕಾಯಿತು. ಮರುದಿನ ಕಾಕಾನಿಗೆ ದೊಡ್ಡ ಆರ್ಡರಿನ ಕೆಲಸ ಇತ್ತು, ನನ್ನಿಂದ ಅರ್ಧ ದಿನ ನಿಂತಿತು. ಹೊಸ ಬ್ಲೇಡಿನ ದುಡ್ಡು ಕೊಟ್ಟೆ, ಆದರೆ ಅವರ ಅರ್ಧ ದಿನ ವಾಪಸ್ ಕೊಡಲು ಆಗಲಿಲ್ಲ. ಅವತ್ತಿನಿಂದ ಹಳೆ ಕಟ್ಟಿಗೆಯನ್ನು ಮನೆಯಲ್ಲೇ ಬ್ರಷ್ ಹಾಕಿ ಉಜ್ಜಿ, ಗಟ್ಟಿ ಅಯಸ್ಕಾಂತ ಓಡಿಸಿ, ಕೊನೆಗೆ ಕಾಕಾನ ಕಣ್ಣಿಗೆ ಬೀಳಿಸಿಯೇ ಮಷೀನಿಗೆ ಹಾಕುವುದು. ಇನ್ನೊಬ್ಬರ ಅನ್ನದ ಸಾಮಾನು ಅದು.

ಟೇಬಲ್ ಸಾ ಬಗ್ಗೆ ಜಾಗ್ರತೆಯಿಂದ ಇರಿ. ನಾನು ನೋಡಿದ ಹೆಚ್ಚಿನ ಅಂಗಡಿಗಳಲ್ಲಿ ಬ್ಲೇಡಿನ ಮೇಲೆ ಮುಚ್ಚಳ ಇರುವುದಿಲ್ಲ. ಕೊಯ್ದ ಸೀಳು ಕೂಡಿಕೊಂಡು ಬ್ಲೇಡನ್ನು ಹಿಡಿಯದ ಹಾಗೆ ಹಿಂದೆ ಒಂದು ತೆಳು ಪಟ್ಟಿ ಇರಬೇಕು, ಅದೂ ಇರುವುದಿಲ್ಲ. ಹಲಗೆ ಬ್ಲೇಡಿಗೆ ಸಿಕ್ಕಿಕೊಂಡರೆ ನಿಮ್ಮ ಹೊಟ್ಟೆಗೇ ಎಗರಿ ಬರುತ್ತದೆ. ಬ್ಲೇಡಿನ ನೇರಕ್ಕೆ ನಿಲ್ಲಬೇಡಿ. ಸಣ್ಣ ತುಂಡನ್ನು ಕೈಯಿಂದಲ್ಲ, ಕೋಲಿನಿಂದ ತಳ್ಳಿ. ತಿರುಗುವ ಮಷೀನಿನ ಹತ್ತಿರ ಕೈಗವಸು ಬೇಡ, ಓಢಣಿ ಬೇಡ, ಬಳೆ ಬೇಡ. ಎನ್95 ಮಾಸ್ಕು, ಕನ್ನಡಕ, ಕಿವಿಗೆ ಮುಚ್ಚಳ, ಈ ಮೂರನ್ನು ನಿಮ್ಮದೇ ಕೊಂಡೊಯ್ಯಿರಿ. ಮೊದಲ ಆರು ತಿಂಗಳು ಟೇಬಲ್ ಸಾದಲ್ಲಿ ಕೊಯ್ಯುವ ಕೆಲಸ ನಾನು ಮಾಡಲೇ ಇಲ್ಲ. ಗೆರೆ ಹಾಕಿ ಕೊಡುತ್ತಿದ್ದೆ, ಕಾಕಾ ಕೊಯ್ದು ಕೊಡುತ್ತಿದ್ದರು. ನೀವೂ ಹಾಗೇ ಮಾಡಿ ಅಂತ ಕೈ ಮುಗಿದು ಕೇಳುತ್ತೇನೆ.

ಹಾಗಾದರೆ ಫ್ಲ್ಯಾಟಿನಲ್ಲಿ ಏನೂ ಮಾಡುವ ಹಾಗಿಲ್ಲವಾ? ಬೇಕಾದಷ್ಟಿದೆ. ನನ್ನ ಅಂದಾಜಿನಲ್ಲಿ ಒಂದು ಮಣೆ ಮಾಡಲು ಮಷೀನು ಬೇಕಾಗುವುದು ಒಂದು ತಾಸು. ಉಳಿದದ್ದೆಲ್ಲ ಕೈಕೆಲಸ. ರವಿವಾರ ಶೆಡ್ಡಿನಲ್ಲಿ ಹಲಗೆ ಕೊಯ್ದು, ದಪ್ಪ ಸಮ ಮಾಡಿಸಿ ಮನೆಗೆ ತರುತ್ತೇನೆ. ವಾರವಿಡೀ ಸಂಜೆ ಒಂದೊಂದು ತಾಸು ಗೆರೆ ಹಾಕುವುದು, ಕೈಗರಗಸದಿಂದ ಸಂದು ಕೊಯ್ಯುವುದು, ಉಳಿಯಿಂದ ಕೆತ್ತುವುದು, ಎಣ್ಣೆ ಹಚ್ಚುವುದು. ಎಳೆಯುವಾಗ ಕೊಯ್ಯುವ ಜಪಾನಿ ಗರಗಸ ಸಿಕ್ಕರೆ ತಗೊಳ್ಳಿ, ಸಪ್ಪಳ ಬಹಳ ಕಡಿಮೆ. ಕೊಡತಿಯಿಂದ ಹೊಡೆಯುವ ಕೆಲಸವನ್ನು ಶೆಡ್ಡಿಗೆ ಇಟ್ಟುಕೊಂಡು, ಮನೆಯಲ್ಲಿ ಉಳಿಯನ್ನು ಕೈಯಿಂದ ಒತ್ತಿ ಮಾತ್ರ ಸವರಿ. ಅದಕ್ಕೆ ಉಳಿ ತುಂಬಾ ಹರಿತ ಇರಬೇಕು. ನೀರುಕಲ್ಲಿನ ಮೇಲೆ ಸಾಣೆ ಹಿಡಿಯುವುದಂತೂ ರಾತ್ರಿ ಹತ್ತಕ್ಕೂ ಮಾಡಬಹುದು, ಯಾರಿಗೂ ಕೇಳಿಸುವುದಿಲ್ಲ. ಟೇಬಲ್ಲನ್ನು ಕೋಣೆಯ ನಡುವೆ ಇಡಬೇಡಿ, ಕಂಬ ಇರುವ ಮೂಲೆಗೆ ಇಡಿ, ಕಾಲಿನ ಕೆಳಗೆ ದಪ್ಪ ರಬ್ಬರು ಹಾಕಿ. ಸ್ಲ್ಯಾಬಿನ ನಡುಭಾಗ ಡೋಲಿನ ಹಾಗೆ ಸಪ್ಪಳ ಕೆಳಗೆ ಇಳಿಸುತ್ತದೆ.

ಕಟ್ಟಿಗೆ ಕೊಳ್ಳುವಾಗ ಅಡ್ಡೆಯವರು ಘನ ಅಡಿಯಲ್ಲಿ ಲೆಕ್ಕ ಹೇಳುತ್ತಾರೆ. ಗಾಬರಿ ಬೇಡ. ಉದ್ದ ಅಡಿಯಲ್ಲಿ, ಅಗಲ ದಪ್ಪ ಇಂಚಿನಲ್ಲಿ ಹಿಡಿದು ಮೂರನ್ನೂ ಗುಣಿಸಿ 144ರಿಂದ ಭಾಗಿಸಿ. ಆರು ಅಡಿ ಉದ್ದ, ಎಂಟು ಇಂಚು ಅಗಲ, ಒಂದೂವರೆ ಇಂಚು ದಪ್ಪದ ಹಲಗೆ ಅರ್ಧ ಘನ ಅಡಿ. ದಾಂಡೇಲಿ ಸಾಗವಾನಿ ನಮ್ಮ ಕಡೆ ಹೆಸರುವಾಸಿ, ಆದರೆ ಕಲಿಯುವಾಗ ಅದನ್ನು ಹಾಳು ಮಾಡಬೇಡಿ. ಸಿಲ್ವರ್ ಓಕ್, ಮಾವಿನ ಕಟ್ಟಿಗೆ ಸಾಕು. ಮಳೆಗಾಲದಲ್ಲಿ ತಂದ ಹಲಗೆಯನ್ನು ಕೂಡಲೇ ಜೋಡಿಸಬೇಡಿ. ಕೆಲವು ವಾರ ಮನೆಯೊಳಗೆ, ನಡುವೆ ಪಟ್ಟಿ ಕೊಟ್ಟು, ಗಾಳಿ ಆಡುವಂತೆ ಪೇರಿಸಿಡಿ. ನಮ್ಮ ಮಾರ್ಚ್ ತಿಂಗಳ ಒಣ ಗಾಳಿಗೆ ಹಲಗೆ ಅಗಲದಲ್ಲಿ ಕುಗ್ಗುತ್ತದೆ, ಉದ್ದದಲ್ಲಿ ಹೆಚ್ಚುಕಮ್ಮಿ ಹಾಗೇ ಇರುತ್ತದೆ. ನನ್ನ ಮೊದಲ ಕಪಾಟಿನ ಬಾಗಿಲು ಅದೇ ಕಾರಣಕ್ಕೆ ಸೀಳಿತು.

ಬಡಗಿಯ ಅಂಗಡಿ ಹೊಂದಲಿಲ್ಲ ಅಂದರೆ ಧಾರವಾಡದ ಕಡೆ ನೋಡಿ. ಮಾಳಮಡ್ಡಿ, ಸಪ್ತಾಪುರದಲ್ಲಿ ಹಿತ್ತಲು ಇರುವ ಹಳೆಯ ಹಂಚಿನ ಮನೆಗಳಿವೆ. ಮಕ್ಕಳು ಹೊರದೇಶದಲ್ಲಿ, ಮನೆಯಲ್ಲಿ ಇಬ್ಬರೇ ವಯಸ್ಸಾದವರು. ಹಿತ್ತಲ ಕೋಣೆಯಲ್ಲಿ ಸಾಮಾನು ತುಂಬಿಟ್ಟಿರುತ್ತಾರೆ. ನನ್ನ ಗೆಳತಿಯೊಬ್ಬಳು ಇನ್ನಿಬ್ಬರ ಜೊತೆ ಸೇರಿ ಅಂಥ ಒಂದು ಕೋಣೆ ಹಿಡಿದಿದ್ದಾಳೆ. ಕೈಕೆಲಸ ಮಾತ್ರ, ಮಷೀನು ಇಲ್ಲ ಅನ್ನುವ ಕರಾರು. ಮನೆಯ ಅಜ್ಜ ದಿನಾ ಚಹಾ ಹೊತ್ತಿಗೆ ಬಂದು ಕೂರುತ್ತಾರಂತೆ.

ಮೊದಲ ಸಲ ಅಂಗಡಿಗೆ ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ. ಮಾಡಬೇಕು ಅನ್ನಿಸಿದ ಒಂದೇ ಒಂದು ವಸ್ತುವಿನ ಚಿತ್ರ ಬರೆದು, ಅಳತೆ ಹಾಕಿ ಒಯ್ಯಿರಿ. ಇಂಚು, ನೂಲಿನಲ್ಲಿ ಬರೆಯಿರಿ. ಎಂಟು ನೂಲಿಗೆ ಒಂದು ಇಂಚು, ಅಂಗಡಿಯಲ್ಲಿ ಮಾತಾಡುವುದು ಅದರಲ್ಲೇ. ಆ ಕಾಗದ ನೋಡಿ ಅವರು “ಇಲ್ಲಿ ದಪ್ಪ ಕಮ್ಮಿ ಆತು ನೋಡ್ರಿ” ಅಂತ ಪೆನ್ಸಿಲು ಕೈಗೆ ತಗೊಂಡರೆ ನಿಮಗೆ ಜಾಗ ಸಿಕ್ಕಿತು ಅಂತಲೇ ತಿಳಿಯಿರಿ.