ಊರು ಬಿಟ್ಟರೂ ನಂಬರ್ ಬಿಡಬೇಡಿ

ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮುಂದಿನ ತಿಂಗಳು ಓದಲು ಹೊರದೇಶಕ್ಕೆ ಹೊರಟಿದ್ದೇನೆ. ಅಲ್ಲಿ ಹೇಗೂ ಹೊಸ ಸಿಮ್ ತಗೊಳ್ಳಬೇಕು. ಈಗಿನ ನಂಬರ್ ನಿಲ್ಲಿಸಿಬಿಡಲೇ?

ಉತ್ತರ: ಖಂಡಿತ ಬೇಡ. ಅದು ಮಾತಾಡುವ ನಂಬರ್ ಮಾತ್ರ ಅಲ್ಲ, ನಿಮ್ಮ ಬ್ಯಾಂಕು, ಇಮೇಲ್, ವಾಟ್ಸ್‌ಆ್ಯಪ್ ಎಲ್ಲದರ ಬೀಗದ ಕೈ. ರೀಚಾರ್ಜ್ ಇಲ್ಲದೆ ನಿಂತುಹೋದ ನಂಬರನ್ನು ಕಂಪನಿಗಳು ಕೆಲವು ಕಾಲ ಕಾದು ಬೇರೆಯವರಿಗೆ ಕೊಟ್ಟುಬಿಡುತ್ತವೆ. ಆಮೇಲೆ ನಿಮ್ಮ ಒಟಿಪಿ ಹೋಗುವುದು ಅವರ ಫೋನಿಗೆ. ಆದ್ದರಿಂದ ನಂಬರ್ ಜೀವಂತವಾಗಿರಲು ಸಾಲುವಷ್ಟು, ಇರುವುದರಲ್ಲೇ ಕಡಿಮೆ ರೀಚಾರ್ಜ್ ಹಾಕಿಸುತ್ತಾ ಬನ್ನಿ. ಮುಗಿಯುವ ದಿನಾಂಕವನ್ನು ಮನೆಯವರ ಫೋನಿನಲ್ಲೂ ಬರೆದಿಡಿ.

ಹೆಚ್ಚಿನವರು ಎಡವುವುದು ರೋಮಿಂಗ್ ವಿಷಯದಲ್ಲಿ. ರೋಮಿಂಗ್ ಅಂದರೆ ಎರಡು ಬೇರೆ ಬೇರೆ ಸಂಗತಿ. ಒಂದು, ಕಂಪನಿಯವರು ನಿಮ್ಮ ಸಿಮ್‌ಗೆ ಕೊಡುವ ಅಂತರರಾಷ್ಟ್ರೀಯ ರೋಮಿಂಗ್ ಸೌಲಭ್ಯ. ಇದು ಚಾಲೂ ಇರಲೇಬೇಕು, ಇಲ್ಲದಿದ್ದರೆ ಅಲ್ಲಿ ನೆಟ್‌ವರ್ಕೇ ಹಿಡಿಯುವುದಿಲ್ಲ, ಒಟಿಪಿಯೂ ಬರುವುದಿಲ್ಲ. ಇನ್ನೊಂದು, ಫೋನಿನ ಸೆಟ್ಟಿಂಗ್ಸ್‌ನಲ್ಲಿರುವ ಡೇಟಾ ರೋಮಿಂಗ್. ಹಳೇ ಸಿಮ್‌ಗೆ ಇದನ್ನು ಆಫ್ ಮಾಡಿ. ಖರ್ಚಿನ ಭಯಕ್ಕೆ ಎರಡನ್ನೂ ಆಫ್ ಮಾಡಿದವರು ಒಟಿಪಿಗಾಗಿ ಕಾದು ಕೂರಬೇಕಾಗುತ್ತದೆ. ಮೊಬೈಲ್ ಡೇಟಾ ಹೊಸ ಸಿಮ್‌ನಲ್ಲಿರಲಿ. ಐಫೋನ್ ಆದರೆ 'ಅಲೋ ಸೆಲ್ಯುಲರ್ ಡೇಟಾ ಸ್ವಿಚಿಂಗ್' ಎಂಬುದನ್ನೂ ಆಫ್ ಮಾಡಿ. ಅದು ಆನ್ ಇದ್ದರೆ, ಹೊಸ ಸಿಮ್‌ಗೆ ಸಿಗ್ನಲ್ ಸಿಗದಾಗ ಫೋನು ತಾನಾಗಿ ಹಳೇ ಸಿಮ್‌ನ ಡೇಟಾ ಬಳಸಲು ಹೋಗುತ್ತದೆ. ಹಳೇ ನಂಬರಿಗೆ ಬಂದ ಕರೆ ಎತ್ತಿದರೂ ರೋಮಿಂಗ್ ದರ ಬೀಳಬಹುದು. ಕಟ್ ಮಾಡಿ, ವಾಟ್ಸ್‌ಆ್ಯಪ್‌ನಲ್ಲಿ ವಾಪಸ್ ಮಾಡಿ.

ಒಟಿಪಿ ಎಸ್ಸೆಮ್ಮೆಸ್ ಒಂದನ್ನೇ ನಂಬಿಕೊಂಡು ವಿಮಾನ ಹತ್ತಬೇಡಿ. ಇಮೇಲ್‌ನಂಥ ಖಾತೆಗಳಿಗೆ ಅಥೆಂಟಿಕೇಟರ್ ಆ್ಯಪ್ (ಒಳಹೋಗುವ ಕೋಡನ್ನು ಫೋನಿನಲ್ಲೇ ತೋರಿಸುವ ಆ್ಯಪ್) ಜೋಡಿಸಿ. ಅದಕ್ಕೆ ಸಿಮ್ಮೂ ಬೇಡ, ಇಂಟರ್‌ನೆಟ್ಟೂ ಬೇಡ. ಗಡಿಯಾರ ನೋಡಿಕೊಂಡು ಸಾಮಾನ್ಯವಾಗಿ 30 ಸೆಕೆಂಡಿಗೊಂದು ಹೊಸ ಕೋಡ್ ಹುಟ್ಟಿಸುತ್ತದೆ. ಹಾಗಾಗಿ ಫೋನಿನ ಸಮಯವನ್ನು ಕೈಯಾರೆ ತಿದ್ದಿದ್ದರೆ ಕೋಡ್ ತಪ್ಪುತ್ತದೆ. ಸಮಯ 'ಆಟೋಮ್ಯಾಟಿಕ್' ಇರಲಿ. ಗೂಗಲ್ ಖಾತೆಗೆ 8 ಅಂಕಿಯ 10 ಬ್ಯಾಕಪ್ ಕೋಡ್‌ಗಳು ಸಿಗುತ್ತವೆ, ಒಂದೊಂದೂ ಒಂದೇ ಸಲಕ್ಕೆ. ಕಾಗದದಲ್ಲಿ ಬರೆದು, ಫೋನ್ ಇಡುವ ಚೀಲ ಬಿಟ್ಟು ಬೇರೆ ಚೀಲದಲ್ಲಿಡಿ. ಎರಡೂ ಒಟ್ಟಿಗೆ ಕಳೆದರೆ ಬರೆದಿಟ್ಟೂ ಪ್ರಯೋಜನವಿಲ್ಲ.

ವಾಟ್ಸ್‌ಆ್ಯಪ್ ಹಳೇ ನಂಬರಿನಲ್ಲೇ ನಡೆಯುತ್ತದೆ, ಬದಲಿಸುವ ಅಗತ್ಯವಿಲ್ಲ. ಬದಲಿಸಲೇಬೇಕಾದರೆ ಸೆಟ್ಟಿಂಗ್ಸ್, ಅಕೌಂಟ್, 'ಚೇಂಜ್ ನಂಬರ್' ದಾರಿಯಲ್ಲೇ ಹೋಗಿ, ಆಗ ಗುಂಪುಗಳು ಜೊತೆಗೇ ಬರುತ್ತವೆ. ಆ್ಯಪ್ ತೆಗೆದು ಹೊಸ ನಂಬರಿನಲ್ಲಿ ಮತ್ತೆ ಹಾಕಿಕೊಂಡರೆ ಬರುವುದಿಲ್ಲ. ಹೋಗುವ ದೇಶ ಯಾವುದೆಂಬುದೂ ಮುಖ್ಯ. ಚೀನಾದಲ್ಲಿ ವಾಟ್ಸ್‌ಆ್ಯಪ್ಪೇ ತಡೆಯಲ್ಪಟ್ಟಿದೆ. ಅಲ್ಲಿ ನಡೆಯುವ ಆ್ಯಪ್ ಒಂದನ್ನು ಮನೆಯವರ ಫೋನಿಗೆ ಹೊರಡುವ ಮೊದಲೇ ಹಾಕಿ, ಎದುರಿಗೇ ಕೂತು ಒಂದು ಕರೆ ಮಾಡಿ ನೋಡಿ.

ಇ-ಸಿಮ್ (ಕಾರ್ಡ್ ಇಲ್ಲದೆ ಫೋನಿನೊಳಗೇ ಇಳಿಸಿಕೊಳ್ಳುವ ಸಿಮ್) ತಗೊಂಡರೆ ಇಳಿಸಿಕೊಂಡ ಅದರ ಪ್ರೊಫೈಲನ್ನು ಎಂದೂ ಅಳಿಸಬೇಡಿ. ಅದನ್ನು ಇಳಿಸಿಕೊಳ್ಳಲು ಎಷ್ಟೋ ಕಂಪನಿಗಳು ಕೊಡುವ ಕ್ಯೂಆರ್ ಕೋಡ್ ಒಂದೇ ಸಲಕ್ಕೆ ಕೆಲಸ ಮಾಡುವುದು. ಪ್ರವಾಸಿಗರ ಇ-ಸಿಮ್‌ಗಳಲ್ಲಿ ಹೆಚ್ಚಿನವಕ್ಕೆ ಡೇಟಾ ಇರುತ್ತದೆ, ಫೋನ್ ನಂಬರ್ ಇರುವುದಿಲ್ಲ. ಮೊದಲ ವಾರಕ್ಕೆ ಸಾಕು, ಅಲ್ಲಿ ಬ್ಯಾಂಕ್ ಖಾತೆ ತೆರೆಯಲು ಸಾಲದು.

ಪ್ರಶ್ನೆ: ಮಗಳು ಯುರೋಪಿನಲ್ಲಿ, ಮಗ ಅಮೆರಿಕದಲ್ಲಿ. ಭಾನುವಾರ ಮೂವರೂ ಒಟ್ಟಿಗೆ ವಿಡಿಯೋ ಕಾಲ್‌ಗೆ ಕೂರುತ್ತೇವೆ. ಮಾರ್ಚ್‌ನಲ್ಲಿ ಹೊತ್ತು ಏರುಪೇರಾಗುವುದೇಕೆ? (ತಾಯಿಯೊಬ್ಬರು)

ಉತ್ತರ: ಅಲ್ಲಿ ಬೇಸಿಗೆಗೆ ಗಡಿಯಾರವನ್ನೇ ಒಂದು ಗಂಟೆ ಮುಂದಿಡುತ್ತಾರಮ್ಮ, ಆದರೆ ಎರಡು ಕಡೆ ಒಂದೇ ದಿನವಲ್ಲ. ಅಮೆರಿಕದ ಬಹುಭಾಗದಲ್ಲಿ ಮಾರ್ಚ್‌ನ ಎರಡನೇ ಭಾನುವಾರ, ಯುರೋಪಿನ ಹೆಚ್ಚಿನ ದೇಶಗಳಲ್ಲಿ ಮಾರ್ಚ್‌ನ ಕೊನೆಯ ಭಾನುವಾರ. ನಡುವಿನ ಎರಡು-ಮೂರು ವಾರ ಮಕ್ಕಳಿಬ್ಬರ ನಡುವಿನ ಅಂತರವೇ ಒಂದು ಗಂಟೆ ಕಡಿಮೆಯಾಗಿರುತ್ತದೆ. ಹಿಂದಿಡುವಾಗಲೂ ಹಾಗೇ: ಯುರೋಪಿನಲ್ಲಿ ಅಕ್ಟೋಬರ್‌ನ ಕೊನೆಯ ಭಾನುವಾರ, ಅಮೆರಿಕದಲ್ಲಿ ನವೆಂಬರ್‌ನ ಮೊದಲ ಭಾನುವಾರ. ಯಾರಿಗೆ ತರಗತಿಯ ಒತ್ತಡ ಹೆಚ್ಚೋ ಅವರ ಗಡಿಯಾರಕ್ಕೆ ಹೊತ್ತು ಗೊತ್ತುಮಾಡಿ, ಫೋನಿನ ಕ್ಯಾಲೆಂಡರಿನಲ್ಲಿ ಆ ನಗರದ ಸಮಯವಲಯ ಆರಿಸಿ ದಾಖಲಿಸಿ. ಉಳಿದದ್ದನ್ನು ಫೋನೇ ಲೆಕ್ಕ ಹಾಕುತ್ತದೆ.

ಇದರ ಜೊತೆಗೆ ಇನ್ನೊಂದು ಮಾತು. ಕರೆ ಎತ್ತದಿದ್ದರೆ ಎಷ್ಟು ಗಂಟೆ ಕಾಯಬೇಕು, ಆಮೇಲೆ ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಮೂವರೂ ಈಗಲೇ ಮಾತಾಡಿಕೊಳ್ಳಿ. ಕೋಣೆಯ ಜೊತೆಗಾರರ ನಂಬರ್, ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳ ಕಚೇರಿಯ ನಂಬರ್, ಪಿನ್‌ಕೋಡ್ ಸಹಿತ ಪೂರ್ತಿ ವಿಳಾಸ ನಿಮ್ಮ ಬಳಿ ಕಾಗದದಲ್ಲಿರಲಿ. ಮಕ್ಕಳ ವಿಳಾಸ ಎಷ್ಟೋ ಮನೆಗಳಲ್ಲಿ ಇರುವುದೇ ಇಲ್ಲ, ಬರೀ ಊರಿನ ಹೆಸರು ಗೊತ್ತಿರುತ್ತದೆ.

ಪ್ರಶ್ನೆ: ಓದಲು ಹೊರದೇಶಕ್ಕೆ ಬಂದಿದ್ದೇನೆ, ಇಲ್ಲಿನ ಭಾಷೆ ಬರುವುದಿಲ್ಲ. ಮುಷ್ಕರ, ಬಿರುಗಾಳಿ, ತರಗತಿ ರದ್ದು, ಎಲ್ಲ ನನಗೆ ಕೊನೆಗೆ ಗೊತ್ತಾಗುತ್ತದೆ.

ಉತ್ತರ: ಮೊದಲು ವಿಶ್ವವಿದ್ಯಾಲಯದ ಪೋರ್ಟಲ್ ತೆರೆದು ನಿಮ್ಮ ಫೋನ್ ನಂಬರ್ ನೋಡಿ. ಅರ್ಜಿ ಹಾಕುವಾಗ ಕೊಟ್ಟ ಹಳೇ ನಂಬರೇ ಅಲ್ಲಿ ಉಳಿದಿರುತ್ತದೆ, ತುರ್ತು ಎಸ್ಸೆಮ್ಮೆಸ್‌ಗಳೆಲ್ಲ ಅಲ್ಲಿಗೇ ಹೋಗುತ್ತಿರುತ್ತವೆ. ವಿಶ್ವವಿದ್ಯಾಲಯದ ಇಮೇಲನ್ನು ಫೋನಿಗೆ ಹಾಕಿ, ನೋಟಿಫಿಕೇಶನ್ ಆನ್ ಮಾಡಿ.

ಎರಡನೆಯದು, ಸರ್ಕಾರದ ಎಚ್ಚರಿಕೆ. ಅನೇಕ ದೇಶಗಳಲ್ಲಿ ಇದು ಸೆಲ್ ಬ್ರಾಡ್‌ಕಾಸ್ಟ್ ಮೂಲಕ ಬರುತ್ತದೆ. ನೆದರ್‌ಲೆಂಡ್ಸ್‌ನಲ್ಲಿ 2012ರಿಂದ ಇದೆ, ಜರ್ಮನಿಯಲ್ಲಿ 2023ರಿಂದ. ಇದು ಎಸ್ಸೆಮ್ಮೆಸ್ ಅಲ್ಲ. ಟವರ್ ತನ್ನ ವ್ಯಾಪ್ತಿಯ ಫೋನುಗಳಿಗೆಲ್ಲ ಒಮ್ಮೆಲೇ ಬಿತ್ತರಿಸುತ್ತದೆ, ಆದ್ದರಿಂದ ನಂಬರ್ ನೋಂದಾಯಿಸಬೇಕಿಲ್ಲ, ನೆಟ್‌ವರ್ಕ್ ಕಿಕ್ಕಿರಿದಾಗಲೂ ತಲುಪುತ್ತದೆ. ಏರ್‌ಪ್ಲೇನ್ ಮೋಡ್‌ನಲ್ಲಿದ್ದರೆ ಮಾತ್ರ ತಲುಪದು. ಸೆಟ್ಟಿಂಗ್ಸ್‌ನಲ್ಲಿ 'ಎಮರ್ಜೆನ್ಸಿ ಅಲರ್ಟ್ಸ್' ಆನ್ ಇದೆಯೇ ನೋಡಿ. ಸಂದೇಶ ಸ್ಥಳೀಯ ಭಾಷೆಯಲ್ಲಿ ಬಂದರೆ ಸ್ಕ್ರೀನ್‌ಶಾಟ್ ತೆಗೆದು ಅನುವಾದದ ಆ್ಯಪ್‌ಗೆ ಕೊಡಿ. ಆ ಭಾಷೆಯ ಆಫ್‌ಲೈನ್ ಪ್ಯಾಕ್ ಇವತ್ತೇ ಇಳಿಸಿಕೊಳ್ಳಿ, ಬಿರುಗಾಳಿಯ ದಿನ ಇಂಟರ್‌ನೆಟ್ ಕೈಕೊಡಬಹುದು.

ದಿನನಿತ್ಯಕ್ಕೆ ನಾಲ್ಕು ಪದ ಕಲಿತರೂ ಬಹಳ ಅನುಕೂಲ. ಜರ್ಮನಿಯ ರೈಲು ಫಲಕದಲ್ಲಿ 'ಫೆಲ್ಟ್ ಔಸ್' ಅಂದರೆ ಗಾಡಿ ರದ್ದು. ಫ್ರೆಂಚಿನಲ್ಲಿ 'ಗ್ರೆವ್' ಅಂದರೆ ಮುಷ್ಕರ. ನಗರ ಸಾರಿಗೆ ಸಂಸ್ಥೆಯ ಆ್ಯಪ್‌ನಲ್ಲಿ ನೀವು ಓಡಾಡುವ ಮಾರ್ಗಕ್ಕೆ ಮಾತ್ರ ಎಚ್ಚರಿಕೆ ಹಾಕಿಕೊಳ್ಳಿ, ಎಲ್ಲಕ್ಕೂ ಹಾಕಿದರೆ ಎರಡೇ ದಿನಕ್ಕೆ ನೋಡುವುದನ್ನು ಬಿಡುತ್ತೀರಿ. ಊರಿನ ಗುಂಪಿನಲ್ಲಿ ತಿರುಗುವ ಸುದ್ದಿಯನ್ನು ಆ ನಗರದ ಪೊಲೀಸರ ಅಧಿಕೃತ ಪುಟದಲ್ಲಿ ನೋಡದೆ ನಂಬಬೇಡಿ.

ತುರ್ತು ನಂಬರ್: ಐರೋಪ್ಯ ಒಕ್ಕೂಟದಲ್ಲಿ 112, ಬ್ರಿಟನ್‌ನಲ್ಲಿ 999 ಅಥವಾ 112, ಅಮೆರಿಕದಲ್ಲಿ 911, ಆಸ್ಟ್ರೇಲಿಯಾದಲ್ಲಿ 000. ಜಪಾನಿನಲ್ಲಿ ಪೊಲೀಸರಿಗೆ 110, ಆಂಬ್ಯುಲೆನ್ಸ್‌ಗೆ 119. ಜರ್ಮನಿಯಲ್ಲಿ ಸಿಮ್ ಇಲ್ಲದ ಫೋನಿನಿಂದ 112ಕ್ಕೆ ಕರೆ ಹೋಗುವುದಿಲ್ಲ.

ಪ್ರಶ್ನೆ: ಕ್ಯಾಂಪಸ್ಸಿನ 'ಎಡುರೋಮ್' ವೈಫೈ ಪಾಸ್‌ವರ್ಡ್ ಸರಿಯಿದ್ದರೂ ಹಿಡಿಯುತ್ತಿಲ್ಲ.

ಉತ್ತರ: ಬಳಕೆದಾರ ಹೆಸರಿನಲ್ಲಿ @ ಮತ್ತು ಅದರ ನಂತರದ ಭಾಗವನ್ನು ನೀವು ಹಾಕದೆ ಬಿಟ್ಟಿರಬಹುದು, ಪೂರ್ತಿ ಹಾಕಿ. ಕೈಯಾರೆ ಹಾಕುವ ಬದಲು ವಿಶ್ವವಿದ್ಯಾಲಯ ಕೊಡುವ ಕಾನ್ಫಿಗರೇಶನ್ ಫೈಲ್ ಹಾಕಿಕೊಳ್ಳುವುದು ಉತ್ತಮ. ಅದರಲ್ಲಿ ಸರ್ವರಿನ ಪ್ರಮಾಣಪತ್ರ ಇರುತ್ತದೆ, ಅದೇ ಹೆಸರಿನ ನಕಲಿ ವೈಫೈಗೆ ನಿಮ್ಮ ಪಾಸ್‌ವರ್ಡ್ ಹೋಗುವುದನ್ನು ಅದು ತಡೆಯುತ್ತದೆ. ಪಾಸ್‌ವರ್ಡ್ ಬದಲಿಸಿದಾಗ ಫೋನಿನಲ್ಲೂ ಲ್ಯಾಪ್‌ಟಾಪಿನಲ್ಲೂ ಹೊಸದನ್ನು ಹಾಕಬೇಕು.